ಎರಡು ಹಳೆಯ ಚರ್ಚುಗಳು ಮತ್ತು ನಮ್ಮ ಕನ್ನಡ ಪಾಠ

'ದೇಶ ಸುತ್ತು, ಕೋಶ ಓದು' ಎಂಬ ಗಾದೆ ನಾವು ಓದಿದ ಶಾಲೆಗಳ ಗೋಡೆಗಳ ಮೇಲೆ ತಪ್ಪದೆ ಇರುತ್ತಿತ್ತು. ದೇಶ ಸುತ್ತುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಹೊರಟು, ಸಮುದ್ರ ದಾಟಿ, ಸಿಡ್ನಿ ಮೆಲ್ಬರ್ನ್‌ಗಳಲ್ಲಿ ಮನೆ ಮಾಡಿಕೊಂಡಿದ್ದೇವೆ. ಹೀಗೆ ಬಂದು ನೆಲೆಸಿದ ಊರನ್ನು ಓದುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ. ಊರೂ ಒಂದು ಪುಸ್ತಕವೇ. ಹಳೆಯ ಕಟ್ಟಡಗಳು ಅದರ ಮೊದಲ ಪುಟಗಳು.

ನಮ್ಮ ಶಾಲೆಯ ಮಕ್ಕಳು ಕನ್ನಡದಲ್ಲಿ ಗಣೇಶನ ಕಥೆ ಹೇಳಬಲ್ಲರು. ಯುಗಾದಿ, ದಸರಾ, ದೀಪಾವಳಿಗಳ ಬಗ್ಗೆ ಹತ್ತು ವಾಕ್ಯ ಬರೆಯಬಲ್ಲರು. ಊರಿನ ಅಜ್ಜಿಯೊಡನೆ ಫೋನಿನಲ್ಲಿ 'ಊಟ ಆಯ್ತಾ ಅಜ್ಜಿ?' ಎಂದು ಮಾತಾಡಬಲ್ಲರು. ಇದು ಸಂತೋಷದ ವಿಷಯ. ಆದರೆ ಅದೇ ಮಗುವಿಗೆ, 'ನಿಮ್ಮ ಬೀದಿಯ ಕೊನೆಯಲ್ಲಿರುವ ಆ ಹಳೆಯ ಚರ್ಚಿನ ಬಗ್ಗೆ ಹೇಳು' ಎಂದರೆ ಎರಡನೆಯ ವಾಕ್ಯಕ್ಕೇ ಇಂಗ್ಲಿಷ್ ಬಂದುಬಿಡುತ್ತದೆ. ಕಮಾನು, ಕಂಬ, ಇಟ್ಟಿಗೆ, ಗಾರೆ ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ. ಅವುಗಳನ್ನು ಇಲ್ಲಿ, ಈ ಬೀದಿಯಲ್ಲಿ, ಬಳಸುವ ಅವಕಾಶ ಮಕ್ಕಳಿಗೆ ಸಿಗುತ್ತಿಲ್ಲ.

ಹಬ್ಬದ ದಿನ ಮಾತ್ರ ಹೊರಗೆ ತೆಗೆಯುವ ರೇಷ್ಮೆ ಸೀರೆ ಮಡಿಕೆಗಳಲ್ಲೇ ಸೀಳುತ್ತದೆ ಎಂಬುದು ನಮ್ಮ ತಾಯಂದಿರಿಗೆಲ್ಲ ಗೊತ್ತು. ಭಾಷೆಯೂ ಹಾಗೆಯೇ. ಆದ್ದರಿಂದ ಈ ಊರುಗಳ ಹಳೆಯ ಪ್ಯಾರಿಷ್ ಚರ್ಚುಗಳನ್ನು ನಮ್ಮ ಕನ್ನಡ ತರಗತಿಯ ಪಾಠವಾಗಿ ಮಾಡಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಉದಾಹರಣೆಯಾಗಿ ಒಂದೇ ಹೆಸರಿನ ಎರಡು ಚರ್ಚುಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ: ಸಿಡ್ನಿಯ ಕಿಂಗ್ ಸ್ಟ್ರೀಟ್‌ನ ಸೇಂಟ್ ಜೇಮ್ಸ್ ಮತ್ತು ಮೆಲ್ಬರ್ನ್‌ನ ಸೇಂಟ್ ಜೇಮ್ಸ್. ಎರಡೂ ಆಂಗ್ಲಿಕನ್ ಪಂಥದವು.

ಪ್ಯಾರಿಷ್ ಎಂದರೇನು?

ಆಂಗ್ಲಿಕನ್ ಎಂದರೆ ಇಂಗ್ಲೆಂಡಿನ ಚರ್ಚಿನಿಂದ ಬೆಳೆದು ಬಂದ ಪಂಥ. ಆಸ್ಟ್ರೇಲಿಯಾದಲ್ಲಿ 1981ರವರೆಗೆ ಅದರ ಹೆಸರೇ 'ಆಸ್ಟ್ರೇಲಿಯಾದಲ್ಲಿನ ಇಂಗ್ಲೆಂಡ್ ಚರ್ಚು' ಎಂದಿತ್ತು. ಪ್ಯಾರಿಷ್ ಎಂದರೆ ಒಂದು ಚರ್ಚಿನ ಪಾದ್ರಿಯ ಹೊಣೆಗೆ ಸೇರಿದ ಊರು ಅಥವಾ ಬಡಾವಣೆ. ನಮ್ಮ ಕರಾವಳಿಯ ಕ್ಯಾಥೋಲಿಕರು ಇದಕ್ಕೆ 'ಧರ್ಮಕೇಂದ್ರ' ಎನ್ನುತ್ತಾರೆ, ಚರ್ಚಿಗೆ 'ಇಗರ್ಜಿ' ಎನ್ನುತ್ತಾರೆ. ಕನ್ನಡದಲ್ಲಿ ಪದವಿಲ್ಲ ಎಂದುಕೊಳ್ಳುವವರು ಮಂಗಳೂರಿನ ಗೆಳೆಯರನ್ನು ಒಮ್ಮೆ ವಿಚಾರಿಸಿದರೆ ಸಾಕು.

ಪ್ಯಾರಿಷ್ ಚರ್ಚಿನ ಕೆಲಸ ಭಾನುವಾರದ ಪ್ರಾರ್ಥನೆಗೆ ಮುಗಿಯುತ್ತಿರಲಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1856ರಲ್ಲಿ, ವಿಕ್ಟೋರಿಯಾದಲ್ಲಿ 1853ರಲ್ಲಿ. ಅದಕ್ಕಿಂತ ಮುಂಚಿನ ಲೆಕ್ಕವೆಲ್ಲ ಇರುವುದು ಚರ್ಚಿನ ದಪ್ಪ ಪುಸ್ತಕಗಳಲ್ಲಿ. ನಮ್ಮ ಹಳ್ಳಿಗಳಲ್ಲಿ ಶಾನುಭೋಗರ ಕಡತ ಹೇಗೋ ಇಲ್ಲಿ ಪಾದ್ರಿಯ ಪುಸ್ತಕ ಹಾಗೆ. ಇಲ್ಲಿನ ಹಳೆಯ ಕುಟುಂಬದವರು ತಮ್ಮ ಮುತ್ತಜ್ಜನ ಮುತ್ತಜ್ಜ ಯಾರೆಂದು ತಿಳಿಯಲು ಇಂದಿಗೂ ಅವನ್ನೇ ತಿರುವಿ ಹಾಕುತ್ತಾರೆ.

ಮೊದಲ ಹಡಗುಗಳು ಸಿಡ್ನಿಗೆ ಬಂದಾಗ ಇಲ್ಲಿ ಚರ್ಚಿನ ಕಟ್ಟಡ ಇರಲಿಲ್ಲ. 1788ರ ಫೆಬ್ರವರಿ 3ರಂದು ರಿಚರ್ಡ್ ಜಾನ್ಸನ್ ಎಂಬ ಪಾದ್ರಿ ಒಂದು ಮರದ ಕೆಳಗೆ ಮೊದಲ ಪ್ರಾರ್ಥನೆ ನಡೆಸಿದರು. ಐದು ವರ್ಷ ಕಾದರೂ ಸರ್ಕಾರ ಕಟ್ಟಿಸಿಕೊಡದಿದ್ದಾಗ, 1793ರಲ್ಲಿ ತಮ್ಮ ಸ್ವಂತ ಹಣ ಹಾಕಿ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯ, ಹುಲ್ಲು ಹೊದಿಸಿದ ಒಂದು ಚರ್ಚು ಕಟ್ಟಿದರು. ವಾರದ ದಿನಗಳಲ್ಲಿ ಅದೇ ಕಟ್ಟಡದಲ್ಲಿ ಮಕ್ಕಳಿಗೆ ಶಾಲೆ ನಡೆಯುತ್ತಿತ್ತು. 1798ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ವಾರದ ಕೊನೆಯಲ್ಲಿ ಇನ್ನೊಬ್ಬರ ಶಾಲೆಯ ಕೋಣೆಗಳಲ್ಲಿ ಬೆಂಚು ಸರಿಸಿ ಪಾಠ ಮಾಡಿ, ಹೋಗುವಾಗ ಬೋರ್ಡು ಒರೆಸಿ ಬರುವ ನಮ್ಮಂಥವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ನ್ಯಾಯಾಲಯವಾಗಬೇಕಿದ್ದ ಚರ್ಚು

ಸಿಡ್ನಿಯ ಹೈಡ್ ಪಾರ್ಕಿನ ಉತ್ತರದ ತುದಿಯಲ್ಲಿ, ಕಿಂಗ್ ಸ್ಟ್ರೀಟ್‌ನಲ್ಲಿ, ಎತ್ತರದ ಗಾಜಿನ ಕಟ್ಟಡಗಳ ನಡುವೆ ಒಂದು ಇಟ್ಟಿಗೆಯ ಚರ್ಚು ನಿಂತಿದೆ. 1926ರಲ್ಲಿ ಆರಂಭವಾದ ಸೇಂಟ್ ಜೇಮ್ಸ್ ರೈಲು ನಿಲ್ದಾಣಕ್ಕೆ ಹೆಸರು ಕೊಟ್ಟದ್ದು ಇದೇ. ನಮ್ಮಲ್ಲಿ ಎಷ್ಟೋ ಜನ ದಿನವೂ ಆ ನಿಲ್ದಾಣದಲ್ಲಿ ಇಳಿದು ಕಚೇರಿಗೆ ಹೋಗುತ್ತಾರೆ. ಹೆಸರಿನ ಹಿಂದಿನ ಕಥೆ ಮಾತ್ರ ಸ್ವಾರಸ್ಯವಾದದ್ದು.

ಆಗಿನ ಗವರ್ನರ್ ಲಾಕ್ಲನ್ ಮೆಕ್ವಾರಿ ಇದರ ಅಡಿಗಲ್ಲು ಇಟ್ಟದ್ದು 1819ರ ಅಕ್ಟೋಬರ್ 7ರಂದು. ಅಂದು ಅವರು ಕಟ್ಟಲು ಹೊರಟಿದ್ದು ಚರ್ಚನ್ನಲ್ಲ, ನ್ಯಾಯಾಲಯವನ್ನು. ದೊಡ್ಡ ಚರ್ಚಿಗಾಗಿ ಜಾರ್ಜ್ ಸ್ಟ್ರೀಟ್‌ನಲ್ಲಿ ಬೇರೆಯೇ ಜಾಗದಲ್ಲಿ ಅಡಿಗಲ್ಲು ಹಾಕಿಯಾಗಿತ್ತು. ಅಷ್ಟರಲ್ಲಿ ಲಂಡನ್ನಿನಿಂದ ಜಾನ್ ಥಾಮಸ್ ಬಿಗ್ ಎಂಬ ತನಿಖಾಧಿಕಾರಿ ಬಂದರು. ಕೈದಿಗಳ ವಸಾಹತಿಗೆ ಇಷ್ಟೊಂದು ಖರ್ಚು ಯಾಕೆ ಎಂಬುದು ಅವರ ತಕರಾರು. ಅವರ ಮಾತಿನಂತೆ ದೊಡ್ಡ ಚರ್ಚಿನ ಕೆಲಸ ನಿಂತಿತು, ನ್ಯಾಯಾಲಯ ಚರ್ಚಾಯಿತು, ಪಕ್ಕದಲ್ಲಿ ಶಾಲೆಗೆಂದು ಯೋಚಿಸಿದ್ದ ಕಟ್ಟಡ ನ್ಯಾಯಾಲಯವಾಯಿತು. ಒಂದರ ಅಂಗಿ ಇನ್ನೊಂದಕ್ಕೆ ತೊಡಿಸಿದಂತೆ! 1824ರ ಫೆಬ್ರವರಿ 11ರಂದು ಸ್ಯಾಮ್ಯುಯೆಲ್ ಮಾರ್ಸ್‌ಡನ್ ಎಂಬ ಪಾದ್ರಿ ಇದನ್ನು ವಿಧಿಪೂರ್ವಕವಾಗಿ ದೇವರಿಗೆ ಅರ್ಪಿಸಿದರು.

ಕಟ್ಟಡದ ನಕ್ಷೆ ಮಾಡಿದವರು ಫ್ರಾನ್ಸಿಸ್ ಗ್ರೀನ್‌ವೇ. ಅವರ ಬದುಕು ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಹುಟ್ಟಿ, ಅಲ್ಲಿ ವಾಸ್ತುಶಿಲ್ಪಿಯಾಗಿದ್ದವರು ಒಂದು ಕರಾರು ಪತ್ರವನ್ನು ಖೋಟಾ ಮಾಡಿ ಸಿಕ್ಕಿಬಿದ್ದರು. 1812ರಲ್ಲಿ ಮರಣದಂಡನೆಯಾಯಿತು, ಬಳಿಕ ಅದನ್ನು 14 ವರ್ಷಗಳ ಗಡೀಪಾರಿಗೆ ಇಳಿಸಿದರು. 1814ರಲ್ಲಿ ಕೈದಿಯಾಗಿ ಸಿಡ್ನಿಗೆ ಬಂದವರಿಗೆ ಮೆಕ್ವಾರಿ ಕೆಲಸ ಕೊಟ್ಟರು, ಕೊನೆಗೆ ಕ್ಷಮಾದಾನವನ್ನೂ ಕೊಟ್ಟರು. ಹೈಡ್ ಪಾರ್ಕ್ ಬ್ಯಾರಕ್ಸ್, ವಿಂಡ್ಸರ್‌ನ ಸೇಂಟ್ ಮ್ಯಾಥ್ಯೂಸ್ ಚರ್ಚು ಇವೆಲ್ಲ ಅವರ ಕೈಯಿಂದಲೇ ಬಂದವು. 1822ರಲ್ಲಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. 1837ರಲ್ಲಿ ಬಡತನದಲ್ಲಿ ತೀರಿಕೊಂಡರು. ಖೋಟಾ ಪತ್ರಕ್ಕಾಗಿ ಶಿಕ್ಷೆಯಾದವರ ಚಿತ್ರವನ್ನು ಆಸ್ಟ್ರೇಲಿಯಾ 1966ರಲ್ಲಿ ತನ್ನ ಮೊದಲ ಹತ್ತು ಡಾಲರ್ ನೋಟಿನ ಮೇಲೆ ಅಚ್ಚು ಹಾಕಿತು! ಮನುಷ್ಯ ಒಮ್ಮೆ ಮಾಡಿದ ಅಪರಾಧವೇ ಅವನ ಪೂರ್ತಿ ಕಥೆಯಲ್ಲ ಎಂಬ ಪಾಠ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು?

ಗೋಡೆಗಳನ್ನು ಓದೋಣ

ಈಗ ಕಟ್ಟಡವನ್ನೇ ಕನ್ನಡದಲ್ಲಿ ಓದೋಣ. ಸೇಂಟ್ ಜೇಮ್ಸ್ ಒಂದು ಉದ್ದನೆಯ ಆಯತ. ಗೋಡೆಗಳು ಕೈದಿಗಳು ಕಟ್ಟಿದ ಇಟ್ಟಿಗೆಯವು, ಅಂಚುಗಳಿಗೆ ಮರಳುಗಲ್ಲು. ಕಿಟಕಿಗಳ ನೆತ್ತಿ ಅರ್ಧಚಂದ್ರದಂತೆ ದುಂಡಗಿದೆ. ಅದು ದುಂಡು ಕಮಾನು. ಎರಡು ಕಿಟಕಿಗಳ ನಡುವೆ ಗೋಡೆಯಿಂದ ತುಸುವೇ ಮುಂದೆ ಚಾಚಿದ ಚಪ್ಪಟೆ ಕಂಬಗಳಿವೆ. ಇವಕ್ಕೆ ಕನ್ನಡದಲ್ಲಿ 'ಅರೆಗಂಬ' ಎಂಬ ಸೊಗಸಾದ ಹೆಸರಿದೆ. ನಮ್ಮ ದೇವಸ್ಥಾನಗಳ ಹೊರಗೋಡೆಯನ್ನು ವಿವರಿಸುವಾಗ ಬಳಸುವ ಪದವೇ ಇದು. ಗೋಡೆಯ ತುದಿಯಲ್ಲಿ, ಛಾವಣಿಯ ಇಳಿಜಾರಿಗೆ ಸರಿಯಾಗಿ, ತ್ರಿಕೋನದ ನೆತ್ತಿಗೋಡೆ. ಪಶ್ಚಿಮದಲ್ಲಿ ಗೋಪುರ, ಅದರ ಮೇಲೆ ಮೊನಚಾದ ತಾಮ್ರ ಹೊದಿಸಿದ ಶಿಖರ. ತಾಮ್ರ ಬಿಸಿಲು ಮಳೆಗೆ ಯಾಕೆ ಹಸಿರಾಗುತ್ತದೆ ಎಂದು ಮಕ್ಕಳು ಕೇಳಿದರೆ, ಹುಣಸೆಹಣ್ಣು ಹಾಕಿ ತಿಕ್ಕದ ಅಜ್ಜಿಯ ತಾಮ್ರದ ಚೊಂಬನ್ನು ತೋರಿಸಿ. ಅದೇ ಕಿಲುಬು.

ಈ ಬಗೆಯ ಕಟ್ಟಡಗಳಿಗೆ 'ಜಾರ್ಜಿಯನ್' ಶೈಲಿ ಎನ್ನುತ್ತಾರೆ. ಇಂಗ್ಲೆಂಡನ್ನು ಜಾರ್ಜ್ ಹೆಸರಿನ ರಾಜರು ಆಳಿದ ಕಾಲದ್ದು ಎಂದು ಅರ್ಥ. ಎಡಕ್ಕೂ ಬಲಕ್ಕೂ ಸರಿಸಮ, ಅತಿಯಾದ ಕೆತ್ತನೆಯಿಲ್ಲ, ಅಳತೆಯಲ್ಲೇ ಅಂದ. ಬೇಲೂರಿನಲ್ಲಿ ಶಿಲ್ಪಿ ಒಂದು ಅಂಗೈ ಅಗಲದ ಕಲ್ಲನ್ನೂ ಬರಿದಾಗಿ ಬಿಡಲಿಲ್ಲ. ಇಲ್ಲಿ ಗ್ರೀನ್‌ವೇ ಬರಿದಾದ ಗೋಡೆಯನ್ನೇ ಅಲಂಕಾರ ಮಾಡಿಕೊಂಡರು. ಕುಶಲ ಶಿಲ್ಪಿಗಳಾಗಲಿ, ಧಾರಾಳ ಹಣವಾಗಲಿ ಇಲ್ಲದ ಊರಿನಲ್ಲಿ ಇಟ್ಟಿಗೆ ಜೋಡಿಸುವ ಕ್ರಮದಿಂದಲೇ ಚೆಲುವು ತರುವುದು ಜಾಣತನವಲ್ಲವೇ? ಎರಡರ ಚೆಲುವೂ ಕಾಣುವ ಕಣ್ಣು ನಮ್ಮ ಮಕ್ಕಳಿಗೆ ಬರಬೇಕು.

ಇನ್ನೊಂದು ಹೋಲಿಕೆ. ನಮ್ಮ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿರುತ್ತಾನೆ. ಹಳೆಯ ಚರ್ಚುಗಳಲ್ಲಿ ಪ್ರಾರ್ಥನೆ ಮಾಡುವವರು ಪೂರ್ವಕ್ಕೆ ಮುಖ ಮಾಡಿರುತ್ತಾರೆ; ಬಲಿಪೀಠ ಪೂರ್ವದ ತುದಿಯಲ್ಲಿರುತ್ತದೆ. ಸೂರ್ಯ ಹುಟ್ಟುವ ದಿಕ್ಕಿಗೆ ಎರಡು ಕಡೆಯೂ ಗೌರವವಿದೆ. ಹಾಗೆಯೇ ದೂರದಿಂದ ಬರುವವನಿಗೆ ಊರು ಬಂತು ಎಂದು ಹೇಳುವ ಕೆಲಸವನ್ನು ಅಲ್ಲಿ ರಾಜಗೋಪುರ ಮಾಡುತ್ತಿತ್ತು, ಇಲ್ಲಿ ಬಂದರಿಗೆ ಬರುವ ನಾವಿಕರಿಗೆ ಸೇಂಟ್ ಜೇಮ್ಸ್‌ನ ಶಿಖರ ಮಾಡುತ್ತಿತ್ತು.

ಅಂದು ಇದರ ಒಳಗೆ ಊರಿನ ಮೇಲು ಕೀಳುಗಳೆಲ್ಲ ಕೂರುವ ಜಾಗದಲ್ಲೇ ಕಾಣುತ್ತಿದ್ದವು. ದೊಡ್ಡ ಮನುಷ್ಯರಿಗೆ ಬೇರೆ ಆಸನ. ಎದುರಿನ ಬ್ಯಾರಕ್ಸ್‌ನಿಂದ ಸಾಲಾಗಿ ನಡೆದು ಬರುವ ಕೈದಿಗಳಿಗೆ ಮೇಲಿನ ಗ್ಯಾಲರಿ. ಆ ಬ್ಯಾರಕ್ಸ್ 2010ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಮಕ್ಕಳಿಗೆ ಬಹಳ ಇಷ್ಟವಾಗುವ ಜಾಗ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ 1929ರಲ್ಲಿ ಮಾಡಿದ ಮಕ್ಕಳ ಪ್ರಾರ್ಥನಾ ಕೋಣೆ ಇದೆ. ಮೂರು ಹಡಗುಗಳ ಬಗ್ಗೆ ಇರುವ ಒಂದು ಹಳೆಯ ಕ್ರಿಸ್‌ಮಸ್ ಹಾಡನ್ನು ಆಧರಿಸಿ ಗೋಡೆಗಳಿಗೆ ಚಿತ್ರ ಬರೆದಿದ್ದಾರೆ. ಆ ಹಡಗುಗಳು ಬಂದು ಸೇರುವುದು ಸಿಡ್ನಿಯ ಬಂದರಿಗೇ! ಚಿತ್ರಕಾರರ ಗುಂಪನ್ನು ಮುನ್ನಡೆಸಿದವರು ಎಥೆಲ್ ಆಂಡರ್ಸನ್ ಎಂಬ ಲೇಖಕಿ. ಇವರು ಸೈನ್ಯಾಧಿಕಾರಿಯಾಗಿದ್ದ ಪತಿಯೊಡನೆ ಹಲವು ವರ್ಷ ಭಾರತದಲ್ಲಿದ್ದು, ಭಾರತದ ಕಥೆಗಳನ್ನೂ ಬರೆದವರು. ಎಲ್ಲಿಯದೋ ಹಾಡನ್ನು ತಮ್ಮ ಊರಿನ ನೀರಿಗೆ ತಂದಿಳಿಸಿದ ಈ ಜಾಣ್ಮೆಯನ್ನು ನಾವು ಕನ್ನಡ ತರಗತಿಯಲ್ಲಿ ಕಲಿಯುವುದು ಒಳ್ಳೆಯದು.

ಶ್ರೀರಂಗಪಟ್ಟಣ, ಕಲ್ಕತ್ತೆ, ಸಿಡ್ನಿ

'ಇದೆಲ್ಲ ಅವರ ಚರಿತ್ರೆ, ನಮಗೇನು?' ಎಂದು ಕೇಳುವವರಿಗೆ ಎರಡು ಸಂಗತಿ ಹೇಳಬೇಕು.

ಮೊದಲನೆಯದು, ಅಡಿಗಲ್ಲು ಇಟ್ಟ ಮೆಕ್ವಾರಿಯವರದು. ಸಿಡ್ನಿಯಲ್ಲಿ ಇವರ ಹೆಸರಿನ ಬೀದಿ ಇದೆ, ವಿಶ್ವವಿದ್ಯಾಲಯ ಇದೆ, ಬ್ಯಾಂಕ್ ಇದೆ. ಇಲ್ಲಿಗೆ ಗವರ್ನರ್ ಆಗಿ 1810ರಲ್ಲಿ ಅಧಿಕಾರ ವಹಿಸಿಕೊಳ್ಳುವ ಮೊದಲು ಅವರು ಭಾರತದಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದರು. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಟಿಪ್ಪು ಸುಲ್ತಾನ್ ಮಡಿದ 1799ರ ಯುದ್ಧದಲ್ಲೂ ಅವರಿದ್ದರು. ಅಂದರೆ ನಮ್ಮ ಕಾವೇರಿಯ ನೀರು ಕಂಡವರೇ ಈ ಚರ್ಚಿನ ಅಡಿಗಲ್ಲು ಇಟ್ಟವರು. 1795ರಲ್ಲಿ ಅವರು ಕೊಚ್ಚಿಯಲ್ಲಿ ಇಬ್ಬರು ಬಾಲಕರನ್ನು ಗುಲಾಮರಾಗಿ ಕೊಂಡುಕೊಂಡರು. ಅವರಲ್ಲಿ ಜಾರ್ಜ್ ಎಂದು ಹೆಸರಿಟ್ಟ ಹುಡುಗ ದೊಡ್ಡವನಾಗಿ, ಸೇವಕನಾಗಿ ಅವರ ಜೊತೆ ಸಿಡ್ನಿಗೂ ಬಂದ. ಭಾರತದಿಂದ ಇಲ್ಲಿಗೆ ಬಂದ ಮೊದಮೊದಲಿಗರಲ್ಲಿ ಇಂಥವರೂ ಇದ್ದರು ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಎರಡನೆಯದು ಇನ್ನೂ ಆಶ್ಚರ್ಯದ್ದು. 1824ರಲ್ಲಿ ಆಸ್ಟ್ರೇಲಿಯಾದ ಆಂಗ್ಲಿಕನ್ ಚರ್ಚುಗಳೆಲ್ಲ ಯಾವ ಬಿಷಪ್ಪರ ಆಡಳಿತಕ್ಕೆ ಸೇರಿದ್ದವು ಗೊತ್ತೇ? ಕಲ್ಕತ್ತೆಯ ಬಿಷಪ್ಪರಿಗೆ! 1836ರಲ್ಲಿ ವಿಲಿಯಂ ಬ್ರೌಟನ್ ಆಸ್ಟ್ರೇಲಿಯಾದ ಮೊದಲ ಬಿಷಪ್ಪರಾಗಿ, ಇದೇ ಸೇಂಟ್ ಜೇಮ್ಸ್‌ನಲ್ಲಿ ಪೀಠವೇರುವವರೆಗೆ ಈ ಏರ್ಪಾಡು ನಡೆಯಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ನೋಡದ ಬೆಂಗಳೂರಿಗರು ಕಡಿಮೆ. 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದ ಆ ಚರ್ಚನ್ನು 1816ರಲ್ಲಿ ಪ್ರತಿಷ್ಠಾಪಿಸಿದವರು ಕಲ್ಕತ್ತೆಯ ಬಿಷಪ್ಪರೇ. ಮದ್ರಾಸಿಗೆ ಬೇರೆ ಬಿಷಪ್ ಬಂದದ್ದು 1835ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಮತ್ತು ಸಿಡ್ನಿಯ ಸೇಂಟ್ ಜೇಮ್ಸ್ ಒಂದೇ ಯಜಮಾನರ ಮನೆಯ ಎರಡು ಕೋಣೆಗಳಂತೆ ಇದ್ದವು. ಸೇಂಟ್ ಮಾರ್ಕ್ಸ್ 1923ರಲ್ಲಿ ಬೆಂಕಿಗೆ ಸಿಕ್ಕಿ, 1927ರಲ್ಲಿ ಮತ್ತೆ ಎದ್ದಿತು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಗೆ ಈಗ ಸೇರಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ಅದನ್ನೂ ತೋರಿಸಿ. ದುಂಡು ಕಮಾನು ಎಲ್ಲಿದೆ ಹುಡುಕು ಎಂದು ಹೇಳಿ.

ಗೋಡೆ ಹೇಳುವುದು, ಹೇಳದಿರುವುದು

ಸೇಂಟ್ ಜೇಮ್ಸ್‌ನ ಒಳಗೋಡೆಗಳ ತುಂಬ ಅಮೃತಶಿಲೆಯ ಸ್ಮಾರಕ ಫಲಕಗಳಿವೆ. ನಮ್ಮ ವೀರಗಲ್ಲುಗಳ ಹಾಗೆ ಇವೂ ಸತ್ತವರ ಹೆಸರು ಉಳಿಸುವ ಕಲ್ಲುಗಳು. ವೀರಗಲ್ಲಿನ ಹಾಗೆಯೇ ಇವೂ ನಿಲ್ಲಿಸಿದವರ ಕಡೆಯ ಮಾತನ್ನು ಹೇಳುತ್ತವೆ. 1848ರಲ್ಲಿ ಉತ್ತರದ ಕಾಡಿನಲ್ಲಿ ಮೂಲನಿವಾಸಿಗಳ ಈಟಿಗೆ ಸತ್ತ ಎಡ್ಮಂಡ್ ಕೆನೆಡಿ ಎಂಬ ಅನ್ವೇಷಕನ ಫಲಕ ಅಲ್ಲಿದೆ. ಅವನ ಜೊತೆಯಲ್ಲಿದ್ದು, ತಾನೂ ಗಾಯಗೊಂಡು, ಕೊನೆಯ ಗಳಿಗೆಯವರೆಗೆ ಆರೈಕೆ ಮಾಡಿ, ಗುಂಡಿ ತೋಡಿ ಮಣ್ಣು ಮಾಡಿದವನು ಗಲ್ಮಾರಾ ಎಂಬ ಮೂಲನಿವಾಸಿ ಯುವಕ. ಬಿಳಿಯರು ಅವನನ್ನು ಜಾಕಿ ಜಾಕಿ ಎಂದು ಕರೆಯುತ್ತಿದ್ದರು. ಅವನ ನಿಷ್ಠೆಯನ್ನು ಫಲಕ ಹೊಗಳುತ್ತದೆ. ಈಟಿ ಎಸೆದವರು ತಮ್ಮ ನೆಲದಲ್ಲಿ ಯಾಕೆ ಈಟಿ ಎತ್ತಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಈ ಚರ್ಚು ನಿಂತಿರುವ ನೆಲ ಗಡಿಗಲ್ ಜನರದ್ದು. ಅವರ ನೆನಪಿನ ಕಲ್ಲು 1824ರಲ್ಲಿ ಯಾರೂ ನೆಡಲಿಲ್ಲ. ಚರಿತ್ರೆ ಓದುವುದೆಂದರೆ ಬರೆದದ್ದನ್ನು ಓದಿ, ಬರೆಯದೆ ಬಿಟ್ಟದ್ದನ್ನು ಕೇಳುವುದು. ಟಿಪ್ಪುವಿನ ಕಥೆಯನ್ನು ಗೆದ್ದವರು ಬರೆದ ಪುಸ್ತಕದಲ್ಲಿ ಒಂದು ರೀತಿ, ನಮ್ಮ ಲಾವಣಿಗಳಲ್ಲಿ ಇನ್ನೊಂದು ರೀತಿ ಕೇಳಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಲ್ಲು ಕಲ್ಲಾಗಿ ಹೊರಟ ಮೆಲ್ಬರ್ನ್ ಚರ್ಚು

ಸಿಡ್ನಿಯ ಚರ್ಚು ಇದ್ದಲ್ಲೇ ಉಳಿದು ತನ್ನ ಉದ್ದೇಶ ಬದಲಿಸಿಕೊಂಡಿತು. ಮೆಲ್ಬರ್ನ್‌ನ ಸೇಂಟ್ ಜೇಮ್ಸ್ ಉದ್ದೇಶ ಉಳಿಸಿಕೊಂಡು ಜಾಗವನ್ನೇ ಬದಲಿಸಿತು. ಶಾಲೆಯ ರಜೆಯಲ್ಲಿ ಮೆಲ್ಬರ್ನ್‌ಗೆ ಹೋಗುವ ಕುಟುಂಬಗಳು ಇದನ್ನೊಮ್ಮೆ ನೋಡಬೇಕು.

ಇದರ ಅಡಿಗಲ್ಲು ಹಾಕಿದ್ದು 1839ರ ನವೆಂಬರ್ 9ರಂದು, ಚಾರ್ಲ್ಸ್ ಲಾ ಟ್ರೋಬ್ ಅವರಿಂದ. ಮೆಲ್ಬರ್ನ್‌ನಲ್ಲಿ ಬಿಳಿಯರು ನೆಲೆಸಿ ಆಗ ಕೇವಲ ನಾಲ್ಕು ವರ್ಷ. ನಕ್ಷೆ ರಾಬರ್ಟ್ ರಸೆಲ್ ಅವರದ್ದು. 1842ರಲ್ಲಿ, ಕಟ್ಟಡ ಪೂರ್ತಿಯಾಗುವ ಮೊದಲೇ, ಪ್ರಾರ್ಥನೆ ಆರಂಭವಾಯಿತು. 'ಮನೆ ಕಟ್ಟಿ ನೋಡು' ಎಂಬ ನಮ್ಮ ಗಾದೆ ಚರ್ಚಿಗೂ ಸಲ್ಲುತ್ತದೆ! 1848ರಲ್ಲಿ ಮೊದಲ ಬಿಷಪ್ ಚಾರ್ಲ್ಸ್ ಪೆರಿ ಇಲ್ಲಿ ಪೀಠವೇರಿದಾಗ ಇದು ಬಿಷಪ್ಪರ ಪ್ರಧಾನ ಚರ್ಚು, ಅಂದರೆ ಕ್ಯಾಥೆಡ್ರಲ್, ಆಯಿತು. 1891ರಲ್ಲಿ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಎದುರಿನ ಸೇಂಟ್ ಪಾಲ್ಸ್ ಸಿದ್ಧವಾಗುವವರೆಗೂ ಆ ಗೌರವ ಇದಕ್ಕೇ ಇತ್ತು. ಸೇಂಟ್ ಪಾಲ್ಸ್ ಗಾಥಿಕ್ ಶೈಲಿಯದು. ಅಲ್ಲಿ ಕಮಾನುಗಳ ನೆತ್ತಿ ಮೊನಚು. ಅದರ ನಕ್ಷೆ ಮಾಡಿದ ವಿಲಿಯಂ ಬಟರ್‌ಫೀಲ್ಡ್ ಆಸ್ಟ್ರೇಲಿಯಾಕ್ಕೆ ಕಾಲಿಡಲೇ ಇಲ್ಲ. ದುಂಡು ಕಮಾನು, ಮೊನಚು ಕಮಾನು ಎಂಬ ಎರಡೇ ಮಾತು ಕಲಿತ ಮಗು ಅರ್ಧ ಊರಿನ ಹಳೆಯ ಕಟ್ಟಡಗಳ ಬಗ್ಗೆ ಮಾತಾಡಬಲ್ಲದು.

ದೊಡ್ಡಣ್ಣ ಬಂದ ಮೇಲೆ ಹಳೆಯ ಸೇಂಟ್ ಜೇಮ್ಸ್‌ಗೆ ಕಷ್ಟದ ದಿನಗಳು ಬಂದವು. ಅದು ಇದ್ದದ್ದು ವಿಲಿಯಂ ಸ್ಟ್ರೀಟ್‌ನಲ್ಲಿ, ಕಾಲಿನ್ಸ್ ಸ್ಟ್ರೀಟ್‌ನ ಪಕ್ಕದಲ್ಲಿ. ಸುತ್ತಮುತ್ತ ಕಚೇರಿ, ಬ್ಯಾಂಕುಗಳು ಎದ್ದವು. ಮನೆಗಳು ದೂರದ ಬಡಾವಣೆಗಳಿಗೆ ಹೋದವು. ಬರುವವರು ಕಡಿಮೆಯಾದರು, ನೆಲದ ಬೆಲೆ ಏರಿತು. ಇಂಥ ಹೊತ್ತಿನಲ್ಲಿ ಹಳೆಯ ಕಟ್ಟಡಗಳ ಗತಿ ಏನಾಗುತ್ತದೆ ಎಂದು ಬೆಂಗಳೂರಿನವರಿಗೆ ಹೇಳಬೇಕೇ? ಆದರೆ ಇಲ್ಲಿ ಬೇರೆ ದಾರಿ ಹುಡುಕಿದರು. 1913ರಿಂದ 1914ರವರೆಗೆ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಕಲ್ಲುಗಳಿಗೆ ಗುರುತು ಹಾಕಿ, ಫ್ಲ್ಯಾಗ್‌ಸ್ಟಾಫ್ ಉದ್ಯಾನದ ಬಳಿ ಕಿಂಗ್ ಸ್ಟ್ರೀಟ್ ಮತ್ತು ಬ್ಯಾಟ್‌ಮನ್ ಸ್ಟ್ರೀಟ್ ಸೇರುವ ಮೂಲೆಗೆ ಸಾಗಿಸಿ ಮತ್ತೆ ಕಟ್ಟಿದರು. ಹೊಸ ಜಾಗದಲ್ಲಿ ಕೆಲವು ಬದಲಾವಣೆಗಳೂ ಆದವು. 1914ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಈಗ ಅದು ಮೆಲ್ಬರ್ನ್‌ನ ಅತ್ಯಂತ ಹಳೆಯ ಕಟ್ಟಡಗಳಲ್ಲಿ ಒಂದು.

ಮನೆಮಠ ಬಿಟ್ಟು ಬಂದ ನಾವು ಈ ಕಥೆಯನ್ನು ಸ್ವಲ್ಪ ನಿಂತು ಕೇಳಬೇಕು. ಕಲ್ಲು ಹೊತ್ತು ಸಾಗಿಸುವುದು ಕೂಲಿಯ ಕೆಲಸ. ಯಾವ ಕಲ್ಲು ಯಾವುದರ ಮೇಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂದು ಬಿಚ್ಚುವ ಮೊದಲೇ ಗುರುತು ಹಾಕಿಡುವುದು ಬುದ್ಧಿಯ ಕೆಲಸ. ಗುರುತು ಹಾಕದೆ ತಂದಿದ್ದರೆ ಹೊಸ ಜಾಗದಲ್ಲಿ ಒಂದು ಕಲ್ಲುಗುಡ್ಡೆ ಇರುತ್ತಿತ್ತು, ಚರ್ಚು ಇರುತ್ತಿರಲಿಲ್ಲ. ನಾವು ಊರಿನಿಂದ ತಂದ ಪದಗಳೂ ಹಾಗೆಯೇ. ಯಾವ ಪದ ಯಾವ ವಸ್ತುವಿನ ಪಕ್ಕದಲ್ಲಿ ಕೂರುತ್ತದೆ ಎಂದು ಮಕ್ಕಳಿಗೆ ತೋರಿಸದಿದ್ದರೆ ಅವರ ಪಾಲಿಗೆ ಬರುವುದು ಪದಗಳ ಗುಡ್ಡೆ ಮಾತ್ರ.

ಕೆಲವು ಆಕ್ಷೇಪಗಳು

'ಕನ್ನಡ ಶಾಲೆಯಲ್ಲಿ ಚರ್ಚಿನ ಪಾಠವೇ?' ಎಂದು ಕೆಲವು ಪೋಷಕರಿಗೆ ಅನ್ನಿಸಬಹುದು. ನಾವು ಹೇಳುತ್ತಿರುವುದು ಕಟ್ಟಡದ ಪಾಠ, ಚರಿತ್ರೆಯ ಪಾಠ. ಪೂಜೆ ಪ್ರಾರ್ಥನೆಗಳು ಅವರವರ ಮನೆಯ ವಿಷಯ. ಅಲ್ಲದೆ ಕನ್ನಡ ಯಾವೊಂದು ಮತದ ಸೊತ್ತೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ದ ಸಂಪಾದಕ ಹರ್ಮನ್ ಮೊಗ್ಲಿಂಗ್, 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಇಬ್ಬರೂ ಬಾಸೆಲ್ ಮಿಶನ್‌ನ ಪಾದ್ರಿಗಳು. ಅವರು ನಮ್ಮ ಊರನ್ನು ನಮ್ಮ ಭಾಷೆಯಲ್ಲಿ ಓದಿದರು. ನಾವು ಈ ಊರನ್ನು ನಮ್ಮ ಭಾಷೆಯಲ್ಲಿ ಓದಿದರೆ ತಪ್ಪೇನು? ನಮ್ಮ ತರಗತಿಗಳಿಗೆ ಕ್ರೈಸ್ತ ಕನ್ನಡಿಗರ ಮಕ್ಕಳೂ ಬರುತ್ತಾರೆ. ಅವರ ಅಜ್ಜ ಅಜ್ಜಿಯರ ಬಾಯಲ್ಲಿರುವ ಇಗರ್ಜಿ, ಸಭೆ, ದೀಕ್ಷಾಸ್ನಾನ ಎಂಬ ಪದಗಳೂ ಕನ್ನಡವೇ.

'ಇದನ್ನೆಲ್ಲ ವಾರದ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿಯುತ್ತಾರಲ್ಲ' ಎಂಬುದು ಇನ್ನೊಂದು ಮಾತು. ಕಲಿಯಲಿ. ಅಲ್ಲಿ ಕಲಿತದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳಲು ಬಂದರೆ ಆ ವಿಷಯ ಅವರಿಗೆ ನಿಜವಾಗಿ ಬಂದಿದೆ ಎಂದು ಅರ್ಥ. ಅಲ್ಲದೆ ಗ್ರೀನ್‌ವೇಯ ಗೋಡೆಯಲ್ಲಿ ಅರೆಗಂಬವನ್ನು, ಮೆಕ್ವಾರಿಯ ಹಿಂದೆ ಶ್ರೀರಂಗಪಟ್ಟಣವನ್ನು ಕಾಣುವ ಕಣ್ಣು ಆ ಪಾಠದಲ್ಲಿ ಸಿಗುವುದಿಲ್ಲ. ಅದನ್ನು ಕೊಡಬೇಕಾದವರು ನಾವು.

ನಮ್ಮ ಸಲಹೆ

ಪೋಷಕರೇ, ಇದಕ್ಕೆ ದೊಡ್ಡ ಹಣವೇನೂ ಬೇಡ. ವರ್ಷಕ್ಕೊಂದು ಶನಿವಾರವೋ ಭಾನುವಾರದ ಮಧ್ಯಾಹ್ನವೋ ಸಾಕು. ಪ್ರಾರ್ಥನೆಯ ಹೊತ್ತು ಬಿಟ್ಟು, ಮೊದಲೇ ಕೇಳಿಕೊಂಡು, ಮಕ್ಕಳನ್ನು ಹತ್ತಿರದ ಹಳೆಯ ಚರ್ಚಿಗೆ ಕರೆದುಕೊಂಡು ಹೋಗೋಣ. ಪರಮಟ್ಟಾ ಕಡೆಯವರಿಗೆ ಸೇಂಟ್ ಜಾನ್ಸ್ ಇದೆ. ಅದರ ಜೋಡಿ ಗೋಪುರಗಳು 1819ರವು, ಕಿಂಗ್ ಸ್ಟ್ರೀಟ್‌ನ ಸೇಂಟ್ ಜೇಮ್ಸ್‌ಗಿಂತ ಹಿರಿಯವು. ಹಾಕ್ಸ್‌ಬರಿ ನದಿಯ ಕಡೆ ಹೋಗುವವರಿಗೆ ವಿಂಡ್ಸರ್ ಇದೆ.

ಮಕ್ಕಳೇ, ಅಲ್ಲಿ ನೀವು ಮಾಡಬೇಕಾದ್ದು ಮೂರೇ ಕೆಲಸ. ಒಂದು, ಕಟ್ಟಡದ ಚಿತ್ರ ಬರೆದು ಅಡಿಪಾಯ, ಮೆಟ್ಟಿಲು, ಬಾಗಿಲುವಾಡ, ಕಂಬ, ಕಮಾನು, ತೊಲೆ, ಛಾವಣಿ, ಗೋಪುರ, ಗಂಟೆ ಎಂದು ಭಾಗಗಳಿಗೆ ಹೆಸರು ಬರೆಯುವುದು. ಎರಡು, ಗೋಡೆಯ ಮೇಲಿನ ಒಂದು ಹೆಸರನ್ನು ಆರಿಸಿಕೊಂಡು ಆ ವ್ಯಕ್ತಿ ಯಾರೆಂದು ಹುಡುಕಿ ಐದು ವಾಕ್ಯ ಬರೆಯುವುದು. ಮೂರು, ಊರಿನ ಅಜ್ಜ ಅಜ್ಜಿಗೆ ಫೋನ್ ಮಾಡಿ ಅದನ್ನು ವಿವರಿಸಿ, ಅವರ ಊರಿನ ಹಳೆಯ ಗುಡಿ, ಮಸೀದಿ, ಬಸದಿ ಅಥವಾ ಇಗರ್ಜಿಯ ಬಗ್ಗೆ ಕೇಳಿ ಬರೆದುಕೊಳ್ಳುವುದು. 'ಊಟ ಆಯ್ತಾ' ಎಂಬುದರ ಮುಂದಕ್ಕೂ ಮಾತು ಬೆಳೆಯಲಿ.

ನಮ್ಮ ಜನ ಇಲ್ಲಿ ಕಟ್ಟಿದ ಕಟ್ಟಡಗಳೂ ಈಗ ಹಳೆಯವಾಗುತ್ತಿವೆ. ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ 1985ರಲ್ಲಿ ಪ್ರತಿಷ್ಠಾಪನೆಯಾಯಿತು, ಮೆಲ್ಬರ್ನ್‌ನ ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನದಲ್ಲಿ 1994ರಲ್ಲಿ. ಇನ್ನೂರು ವರ್ಷ ಕಳೆದ ಮೇಲೆ ಯಾರೋ ಒಬ್ಬ ಟೀಚರು ಅವುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಇದನ್ನು ಯಾರು ಕಟ್ಟಿದರು, ಯಾವ ಊರಿನಿಂದ ಬಂದರು, ಮನೆಯಲ್ಲಿ ಏನು ಮಾತಾಡುತ್ತಿದ್ದರು ಎಂದು ಕೇಳುತ್ತಾರೆ. ಉತ್ತರ ಸಿಗಬೇಕಾದರೆ ಈಗಲೇ ಬರೆದಿಡಬೇಕು. ಸೇಂಟ್ ಜೇಮ್ಸ್‌ನ ಪಾದ್ರಿಗಳು ತಮ್ಮ ಪ್ಯಾರಿಷ್‌ನ ಜನನ ಮರಣದ ಪುಸ್ತಕದಲ್ಲಿ ಕೈದಿಯ ಮಗುವಿನ ಹೆಸರನ್ನೂ ಬಿಡದೆ ಬರೆದರು. ಪ್ರತಿ ವರ್ಷ ಹೊರಬರುವ ಈ ಸಂಚಿಕೆ ನಮ್ಮ ಅಂಥ ಪುಸ್ತಕವಾಗಲಿ.

ಮುಂದಿನ ವರ್ಷದ ಸಂಚಿಕೆಯ ಕನ್ನಡ ವಿಭಾಗದಲ್ಲಿ ಎರಡು ಪುಟಗಳನ್ನು ಮಕ್ಕಳ ಈ ಬರಹಗಳಿಗೇ ಮೀಸಲಿಡೋಣ. ತಪ್ಪಿದ್ದರೆ ತಿದ್ದಲು ನಾವಿದ್ದೇವೆ. ಮಕ್ಕಳೇ, ನಿಮ್ಮ ಬೀದಿಯ ಹಳೆಯ ಕಟ್ಟಡದ ಬಗ್ಗೆ ಬರೆಯಿರಿ, ಕಾಯುತ್ತಿರುತ್ತೇವೆ.